ನವಾಸ್ಸಾ: ಕಾವಲಿಲ್ಲದ ವನ್ಯಧಾಮ, ಇತ್ಯರ್ಥವಾಗದ ಒಡೆತನ

ಕೆರಿಬಿಯನ್ ಸಮುದ್ರದಲ್ಲಿ ಹೈತಿಯ ನೈರುತ್ಯಕ್ಕೆ ಚಾಚಿಕೊಂಡಿರುವ ತಿಬುರಾನ್ ಪರ್ಯಾಯದ್ವೀಪದಿಂದ ಪಶ್ಚಿಮಕ್ಕೆ ಸುಮಾರು 55 ಕಿಲೋಮೀಟರ್ ಸಾಗಿದರೆ ನವಾಸ್ಸಾ ಎಂಬ ಚಿಕ್ಕ ದ್ವೀಪ ಸಿಗುತ್ತದೆ. ಅದರ ವಿಸ್ತೀರ್ಣ ಐದೂವರೆ ಚದರ ಕಿಲೋಮೀಟರಿಗಿಂತ ತುಸು ಕಡಿಮೆ. ಸುತ್ತಲೂ ಒಂಬತ್ತರಿಂದ ಹದಿನೈದು ಮೀಟರ್ ಎತ್ತರದ ಸುಣ್ಣಕಲ್ಲಿನ ಕಡಿದಾದ ಗೋಡೆಗಳಿವೆ. ಬುಡವನ್ನು ಅಲೆಗಳು ಕೊರೆದಿರುವುದರಿಂದ ಈ ಗೋಡೆಗಳು ಅನೇಕ ಕಡೆ ಸಮುದ್ರದ ಮೇಲೆ ಬಾಗಿ ನಿಂತಿವೆ. ಮರಳಿನ ದಂಡೆಯಾಗಲಿ, ಹಳ್ಳವಾಗಲಿ, ಬಂದರಾಗಲಿ ಇಲ್ಲಿಲ್ಲ, ಜನವಸತಿಯೂ ಇಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ದಾಖಲೆಗಳ ಪ್ರಕಾರ ಇದು 1999ರ ಡಿಸೆಂಬರ್‌ನಿಂದ ರಾಷ್ಟ್ರೀಯ ವನ್ಯಜೀವಿ ಧಾಮ. ಹೈತಿಯ 1987ರ ಸಂವಿಧಾನದ 8ನೇ ವಿಧಿಯ ಪ್ರಕಾರ ಇದು ಹೈತಿ ಗಣರಾಜ್ಯದ ಭೂಭಾಗ. ಎರಡು ದೇಶಗಳ ಕಾಗದಗಳಲ್ಲಿಯೂ ದ್ವೀಪಕ್ಕೆ ಒಡೆಯರಿದ್ದಾರೆ. ದ್ವೀಪದ ಮೇಲೆ ಮಾತ್ರ ಯಾರೂ ಇಲ್ಲ.

ವನ್ಯಧಾಮವೆಂದು ಘೋಷಿಸಿದ ಮೇಲೆ ಅಲ್ಲಿನ ಜೀವಜಾಲ ಸುರಕ್ಷಿತವಾಯಿತೆಂದು ಭಾವಿಸುವುದು ಸಹಜ. ಆದರೆ ನವಾಸ್ಸಾದ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಕಾಣುವುದು ಬೇರೆ. ವನ್ಯಧಾಮದ ಸ್ಥಾನಮಾನವು ‘ಈ ದ್ವೀಪವನ್ನು ಏನು ಮಾಡಬೇಕು’ ಎಂಬ ಅಮೆರಿಕದ ಆಡಳಿತಾತ್ಮಕ ಪ್ರಶ್ನೆಗೆ ಉತ್ತರ ಕೊಟ್ಟಿತೇ ಹೊರತು, ‘ಇದು ಯಾರದು’ ಎಂಬ ಹಳೆಯ ಪ್ರಶ್ನೆಯನ್ನು ಮುಟ್ಟಲಿಲ್ಲ. ಆ ಪ್ರಶ್ನೆ ಹಾಗೆಯೇ ಉಳಿದಿರುವುದರಿಂದ, ಸಂರಕ್ಷಣೆಗೆ ನಿಜವಾಗಿ ಬೇಕಾದ ಜನರನ್ನು, ಎಂದರೆ ಹೈತಿಯ ಮೀನುಗಾರರನ್ನು, ಜೊತೆಗೆ ಸೇರಿಸಿಕೊಳ್ಳುವ ದಾರಿಯೂ ಮುಚ್ಚಿಹೋಗಿದೆ.

ಮೊದಲು ದ್ವೀಪದಲ್ಲಿ ಉಳಿಸಿಕೊಳ್ಳಬೇಕಾದದ್ದು ಏನಿದೆ ಎಂಬುದನ್ನು ನೋಡೋಣ. ದೂರದಿಂದ ಬರಡು ಬಂಡೆಯಂತೆ ಕಂಡರೂ ನವಾಸ್ಸಾದ ಮೇಲ್ಭಾಗದಲ್ಲಿ ದಟ್ಟವಾದ ಒಣಕಾಡಿದೆ. ಅತ್ತಿಯ ಜಾತಿಗೆ ಸೇರಿದ ಒಂದು ಮರ, ಚರ್ಮಕ್ಕೆ ತಾಕಿದರೆ ಬೊಬ್ಬೆ ಎಬ್ಬಿಸುವ ಒಂದು ವಿಷಮರ ಸೇರಿದಂತೆ ಕೆಲವೇ ಜಾತಿಯ ಮರಗಳು ಈ ಕಾಡನ್ನು ಆವರಿಸಿವೆ. ಕೆಂಪು ಕಾಲಿನ ಬೂಬಿ ಹಕ್ಕಿಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಇಲ್ಲಿ ಗೂಡು ಕಟ್ಟುತ್ತವೆ. ಫ್ರಿಗೇಟ್ ಹಕ್ಕಿಗಳ ನೆಲೆಯೂ ಇದೆ. ಬೇರೆಲ್ಲೂ ಕಾಣಸಿಗದ, ಈ ದ್ವೀಪಕ್ಕಷ್ಟೇ ಸೀಮಿತವಾದ ನಾಲ್ಕು ಬಗೆಯ ಹಲ್ಲಿಗಳಿವೆ. ಒಂದು ಕಾಲದಲ್ಲಿ ಇಲ್ಲಿಗೇ ವಿಶಿಷ್ಟವಾಗಿದ್ದ ಕೊಂಬುಮೂತಿಯ ಇಗ್ವಾನಾ, ಇನ್ನೊಂದು ಬಗೆಯ ಹಲ್ಲಿ ಮತ್ತು ಒಂದು ಕುಬ್ಜ ಹೆಬ್ಬಾವು ಈಗ ಇಲ್ಲವಾಗಿವೆ. ಮನುಷ್ಯರು ಹಡಗುಗಳಲ್ಲಿ ತಂದುಬಿಟ್ಟ ಇಲಿ, ಬೆಕ್ಕು, ನಾಯಿ ಮತ್ತು ಮೇಕೆಗಳು ಇಂತಹ ದ್ವೀಪಜೀವಿಗಳಿಗೆ ಎಷ್ಟು ಮಾರಕವೆಂಬುದು ಜಗತ್ತಿನಾದ್ಯಂತ ಕಂಡ ಸಂಗತಿ. ಬಂಡೆಗೋಡೆಯ ಬುಡದಲ್ಲಿ ನೀರು ತಕ್ಷಣವೇ ಇಪ್ಪತ್ತು ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತದೆ, ಅಲ್ಲಿಂದ ಹವಳದ ದಿಬ್ಬಗಳು ಹರಡಿಕೊಂಡಿವೆ. ವನ್ಯಧಾಮದ ವ್ಯಾಪ್ತಿಯು ದ್ವೀಪದ ಸುತ್ತ 12 ನಾಟಿಕಲ್ ಮೈಲಿಗಳವರೆಗಿನ ಸಮುದ್ರವನ್ನು ಒಳಗೊಂಡಿರುವುದರಿಂದ, ಲೆಕ್ಕಕ್ಕೆ ಹಿಡಿದರೆ ಧಾಮದ ಬಹುಪಾಲು ನೀರೇ; ನೆಲದ ಪಾಲು ನೂರಕ್ಕೆ ಒಂದಂಶವೂ ಇಲ್ಲ.

ಈ ಬಂಡೆ ಅಮೆರಿಕದ ಕೈಸೇರಿದ್ದು ಹಕ್ಕಿಗಳ ಹಿಕ್ಕೆಯಿಂದಾಗಿ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಗುವಾನೊ, ಅಂದರೆ ಕಡಲಹಕ್ಕಿಗಳ ಹಿಕ್ಕೆ ಶತಮಾನಗಳ ಕಾಲ ರಾಶಿಬಿದ್ದು ಗಟ್ಟಿಯಾದ ಗೊಬ್ಬರಕ್ಕೆ, ಅಮೆರಿಕದ ಹೊಲಗಳಲ್ಲಿ ಭಾರಿ ಬೇಡಿಕೆ ಇತ್ತು. 1856ರ ಆಗಸ್ಟ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿದ ಗುವಾನೊ ದ್ವೀಪಗಳ ಕಾಯ್ದೆಯು, ಬೇರೆ ಯಾವುದೇ ಸರ್ಕಾರದ ನ್ಯಾಯಬದ್ಧ ಅಧಿಕಾರಕ್ಕೆ ಒಳಪಡದ ಮತ್ತು ಬೇರೆ ದೇಶದ ಪ್ರಜೆಗಳು ನೆಲೆಸಿರದ ದ್ವೀಪದಲ್ಲಿ ಅಮೆರಿಕದ ಪ್ರಜೆಯೊಬ್ಬ ಗುವಾನೊ ಕಂಡುಹಿಡಿದು ಶಾಂತಿಯುತವಾಗಿ ಸ್ವಾಧೀನಪಡಿಸಿಕೊಂಡರೆ, ಅಧ್ಯಕ್ಷರ ವಿವೇಚನೆಗೆ ಒಳಪಟ್ಟು ಆ ದ್ವೀಪವನ್ನು ಅಮೆರಿಕಕ್ಕೆ ಸೇರಿದ್ದೆಂದು ಪರಿಗಣಿಸಬಹುದೆಂದು ಹೇಳಿತು. ಮರುವರ್ಷವೇ ಪೀಟರ್ ಡಂಕನ್ ಎಂಬ ಹಡಗಿನ ಕಪ್ತಾನ ನವಾಸ್ಸಾದ ಮೇಲೆ ಹಕ್ಕು ಮಂಡಿಸಿದ. 1858ರಲ್ಲಿ ಹೈತಿ ಅದನ್ನು ಪ್ರತಿಭಟಿಸಿತು. ತನ್ನ ಹಡಗುಗಳನ್ನೂ ಕಳಿಸಿತು. ಅಮೆರಿಕ ಮಣಿಯಲಿಲ್ಲ. 1804ರಲ್ಲಿ ಫ್ರಾನ್ಸಿನಿಂದ ಸ್ವತಂತ್ರವಾದಾಗ ಹೈತಿ ಇರುವ ದೊಡ್ಡ ದ್ವೀಪವಾದ ಹಿಸ್ಪಾನಿಯೋಲಾದ ಪಶ್ಚಿಮ ಭಾಗಕ್ಕೆ ಹೊಂದಿಕೊಂಡ ದ್ವೀಪಗಳೆಲ್ಲವೂ ತನಗೆ ಬಂದವೆಂಬುದು ಹೈತಿಯ ವಾದ. ಆ ಮಾತನ್ನು ಒಪ್ಪಿದರೆ ಕಾಯ್ದೆಯ ಮೊದಲ ಷರತ್ತೇ ಇಲ್ಲಿ ಪೂರೈಸಿರಲಿಲ್ಲ. ಇದಲ್ಲದೆ, ಗುವಾನೊ ಮುಗಿದ ಮೇಲೆ ದ್ವೀಪವನ್ನು ಇಟ್ಟುಕೊಳ್ಳಲೇಬೇಕೆಂಬ ಬಾಧ್ಯತೆ ಅಮೆರಿಕಕ್ಕೆ ಇಲ್ಲವೆಂದು ಅದೇ ಕಾಯ್ದೆ ಹೇಳುತ್ತದೆ ಎಂಬುದನ್ನೂ ನೆನಪಿಡಬೇಕು. ಗಣಿಗಾರಿಕೆಗೆಂದು ರೂಪಿಸಿದ, ಹೆಚ್ಚುಕಡಿಮೆ ತಾತ್ಕಾಲಿಕ ಸ್ವರೂಪದ ಹಕ್ಕೊಂದು ಶತಮಾನದ ನಂತರವೂ ಹೇಗೆ ಉಳಿಯಿತು ಎಂಬುದೇ ನವಾಸ್ಸಾದ ಇತಿಹಾಸ.

ಬಾಲ್ಟಿಮೋರಿನ ನವಾಸ್ಸಾ ಫಾಸ್ಫೇಟ್ ಕಂಪನಿ 1865ರ ಸುಮಾರಿಗೆ ಇಲ್ಲಿ ದೊಡ್ಡ ಪ್ರಮಾಣದ ಗಣಿಗಾರಿಕೆ ಆರಂಭಿಸಿತು. ಅಗೆಯುವವರು ಬಹುಪಾಲು ಮೇರಿಲ್ಯಾಂಡಿನಿಂದ ಕರಾರಿನ ಮೇಲೆ ಕರೆತಂದ ಕಪ್ಪುಜನ, ಮೇಲ್ವಿಚಾರಕರು ಬಿಳಿಯರು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಕಾನೂನಿನಿಂದ ಹೋಗಿದ್ದರೂ ಇಲ್ಲಿನ ದುಡಿಮೆಯಲ್ಲಿ ಅದರ ಲಕ್ಷಣಗಳೆಲ್ಲ ಉಳಿದಿದ್ದವು. ಬಂಡೆಯ ಬಿರುಕುಗಳಲ್ಲಿ ಗಟ್ಟಿಗೊಂಡ ಫಾಸ್ಫೇಟನ್ನು ಹಾರೆ ಮತ್ತು ಸಿಡಿಮದ್ದಿನಿಂದ ಒಡೆದು, ಬಿರುಬಿಸಿಲಲ್ಲಿ ಹಳಿಗಾಡಿಗಳನ್ನು ತಾವೇ ತಳ್ಳಿಕೊಂಡು ತೀರಕ್ಕೆ ಸಾಗಿಸಬೇಕಿತ್ತು. ಕಂಪನಿಯ ಅಂಗಡಿಯ ಸಾಲ, ದಂಡ, ಕೈಕಟ್ಟಿ ತೂಗುಹಾಕುವ ಶಿಕ್ಷೆ, ಕೊಳೆತ ಊಟ ಇವೆಲ್ಲ ಸಾಮಾನ್ಯವಾಗಿದ್ದವು, ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ. 1889ರ ಸೆಪ್ಟೆಂಬರ್ 14ರಂದು ಕಾರ್ಮಿಕರು ದಂಗೆ ಎದ್ದರು. ಐವರು ಮೇಲ್ವಿಚಾರಕರು ಸತ್ತರು. ದಂಗೆಯ ಆರೋಪಿಗಳನ್ನು ಬಾಲ್ಟಿಮೋರಿಗೆ ಒಯ್ದು ವಿಚಾರಣೆಗೆ ಒಳಪಡಿಸಲಾಯಿತು. ಮೂವರಿಗೆ ಮರಣದಂಡನೆ ವಿಧಿಸಲಾಯಿತು.

ಈ ಪ್ರಕರಣದ ಕಾನೂನಿನ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಂದಿನ ವನ್ಯಧಾಮದ ಬೇರು ಇರುವುದು ಅಲ್ಲೇ. ನವಾಸ್ಸಾ ಅಮೆರಿಕದ ನೆಲವೇ ಅಲ್ಲವಾದ್ದರಿಂದ ಅಲ್ಲಿ ನಡೆದ ಅಪರಾಧವನ್ನು ವಿಚಾರಿಸುವ ಅಧಿಕಾರ ಅಮೆರಿಕದ ನ್ಯಾಯಾಲಯಕ್ಕೆ ಇಲ್ಲವೆಂದು ಆರೋಪಿಗಳ ಪರ ವಕೀಲರು ವಾದಿಸಿದರು. ಹೈತಿ ರಾಜತಾಂತ್ರಿಕ ಪತ್ರಗಳಲ್ಲಿ ಹೇಳುತ್ತ ಬಂದಿದ್ದ ಮಾತು ಹೀಗೆ ಬಾಲ್ಟಿಮೋರಿನ ಕಪ್ಪು ಕಾರ್ಮಿಕರ ಪ್ರಾಣ ಉಳಿಸುವ ವಾದವಾಗಿ ನ್ಯಾಯಾಲಯದ ಮುಂದೆ ಬಂತು. ಹೆನ್ರಿ ಜೋನ್ಸ್ ಎಂಬ ಆರೋಪಿಯ ಹೆಸರಿನಲ್ಲಿ ಮೇಲ್ಮನವಿ ಸುಪ್ರೀಂ ಕೋರ್ಟ್ ತಲುಪಿತು. ದ್ವೀಪವೊಂದು ಯಾವ ದೇಶಕ್ಕೆ ಸೇರಿದ್ದೆಂಬುದು ಸರ್ಕಾರ ತೀರ್ಮಾನಿಸಬೇಕಾದ ರಾಜಕೀಯ ಪ್ರಶ್ನೆ, ಸರ್ಕಾರ ಒಮ್ಮೆ ತೀರ್ಮಾನಿಸಿದ ಮೇಲೆ ನ್ಯಾಯಾಲಯ ಅದನ್ನು ಕೆದಕುವುದಿಲ್ಲ ಎಂದು ಕೋರ್ಟ್ 1890ರಲ್ಲಿ ಹೇಳಿತು. ಅಂದರೆ ಹೈತಿಯ ಹಕ್ಕು ಸುಳ್ಳೆಂದು ಕೋರ್ಟ್ ಸಾಬೀತು ಮಾಡಲಿಲ್ಲ. ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. 1891ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್, ದ್ವೀಪದಲ್ಲಿನ ದುಡಿಮೆಯ ಸ್ಥಿತಿಯನ್ನು ಪರಿಗಣಿಸಿ ಮರಣದಂಡನೆಗಳನ್ನು ಕಡಿತಗೊಳಿಸಿದರು. ಕಾರ್ಮಿಕರು ನೇಣಿನಿಂದ ಪಾರಾದರು. ಒಡೆತನದ ತೀರ್ಮಾನ ಮಾತ್ರ ಹಾಗೆಯೇ ನಿಂತಿತು.

1898ರ ಸ್ಪೇನ್–ಅಮೆರಿಕ ಯುದ್ಧದ ವೇಳೆ ಕಂಪನಿ ಜಾಗ ಖಾಲಿ ಮಾಡಿತು. 1914ರಲ್ಲಿ ಪನಾಮಾ ಕಾಲುವೆ ತೆರೆದಾಗ ಹಡಗುಗಳ ಹಾದಿಯಲ್ಲಿ ಕತ್ತಲಲ್ಲಿ ನಿಂತಿದ್ದ ಈ ಬಂಡೆ ಅಪಾಯಕಾರಿಯಾಗಿ ಕಂಡಿತು. 1916ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ದ್ವೀಪವನ್ನು ದೀಪಸ್ತಂಭಕ್ಕಾಗಿ ಕಾಯ್ದಿರಿಸಿದರು. ಮರುವರ್ಷ ನೂರೈವತ್ತು ಅಡಿಗೂ ಎತ್ತರದ ಕಾಂಕ್ರೀಟ್ ಸ್ತಂಭ ಎದ್ದಿತು. 1929ರಲ್ಲಿ ದೀಪ ಸ್ವಯಂಚಾಲಿತವಾಯಿತು, ಕಾವಲುಗಾರರು ಹೊರಟುಹೋದರು. ಉಪಗ್ರಹಗಳಿಂದ ದಿಕ್ಕು ತಿಳಿಯುವ ಕಾಲ ಬಂದ ಮೇಲೆ, 1996ರಲ್ಲಿ, ಕರಾವಳಿ ಕಾವಲು ಪಡೆ ದೀಪವನ್ನೇ ಆರಿಸಿತು.

ಗೊಬ್ಬರವೂ ಇಲ್ಲ, ದೀಪವೂ ಇಲ್ಲ ಎಂದಾದ ಮೇಲೆ ಅಮೆರಿಕ ದ್ವೀಪವನ್ನು ಏಕೆ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಏಳಬೇಕಿತ್ತು. ಆದರೆ ಎದ್ದ ಪ್ರಶ್ನೆ ಬೇರೆ. ಕ್ಯಾಲಿಫೋರ್ನಿಯಾದ ಉದ್ಯಮಿಯೊಬ್ಬರು 1856ರ ಅದೇ ಕಾಯ್ದೆಯನ್ನು ಹಿಡಿದುಕೊಂಡು ದ್ವೀಪದ ಗುವಾನೊ ಹಕ್ಕು ತಮ್ಮದೆಂದು ಬಂದರು. ಅವರ ದಾವೆಯನ್ನು ಮೇಲ್ಮನವಿ ನ್ಯಾಯಾಲಯ 2000ರಲ್ಲಿ ತಳ್ಳಿಹಾಕಿತು. ಈ ನಡುವೆ 1997ರಲ್ಲಿ ದ್ವೀಪದ ಆಡಳಿತ ಆಂತರಿಕ ಇಲಾಖೆಗೆ ಹೋಯಿತು. 1998ರಲ್ಲಿ ಬಂದ ವೈಜ್ಞಾನಿಕ ತಂಡವೊಂದು ಕೆರಿಬಿಯನ್ ಪ್ರದೇಶದಲ್ಲಿ ಅಪರೂಪವಾಗಿ ಉಳಿದುಕೊಂಡ ಜೀವವೈವಿಧ್ಯದ ಭಂಡಾರವಿದು ಎಂದು ವರದಿ ಮಾಡಿತು. ಅದರ ಬೆನ್ನಲ್ಲೇ 1999ರಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆಯ ಕೈಗೆ ದ್ವೀಪ ಬಂದು ವನ್ಯಧಾಮವಾಯಿತು.

ಇದು ನವಾಸ್ಸಾ ಒಂದರದೇ ಕಥೆಯಲ್ಲ. ಗುವಾನೊ ಕಾಯ್ದೆಯಡಿ ಅಮೆರಿಕದವರು ಹಕ್ಕು ಮಂಡಿಸಿದ್ದ ಹತ್ತಾರು ದ್ವೀಪಗಳಲ್ಲಿ ಹಲವನ್ನು ಕಾಲಕ್ರಮದಲ್ಲಿ ಬಿಟ್ಟುಕೊಡಲಾಯಿತು ಅಥವಾ ಮರೆತುಬಿಡಲಾಯಿತು. ಅಮೆರಿಕದ ಬಳಿಯೇ ಉಳಿದ ಪೆಸಿಫಿಕ್ ದ್ವೀಪಗಳನ್ನು ನೋಡಿ: ಬೇಕರ್, ಹೌಲ್ಯಾಂಡ್, ಜಾರ್ವಿಸ್, ಜಾನ್‌ಸ್ಟನ್ ಇವೆಲ್ಲವೂ ಇಂದು ವನ್ಯಜೀವಿ ಧಾಮಗಳು. ಉಪಯೋಗ ಮುಗಿದ ನಂತರವೂ ಕೈಬಿಡಲು ಮನಸ್ಸಿಲ್ಲದ ದ್ವೀಪಕ್ಕೆ ವನ್ಯಧಾಮವೆಂಬ ಸ್ಥಾನಮಾನ ಬಹಳ ಅನುಕೂಲಕರ. ಅದಕ್ಕೆ ಸೈನ್ಯ ಬೇಡ, ಜನ ಬೇಡ, ಖರ್ಚೂ ಅಷ್ಟಾಗಿ ಬೇಡ. ಆಕ್ಷೇಪಿಸುವವರು ಪ್ರಕೃತಿಯ ವಿರೋಧಿಗಳಂತೆ ಕಾಣುತ್ತಾರೆ. ಹಾಗೆಂದು ನವಾಸ್ಸಾವನ್ನು ಧಾಮವಾಗಿಸಿದವರ ಉದ್ದೇಶವೇ ಇದಾಗಿತ್ತೆಂದು ನಾನು ಹೇಳುತ್ತಿಲ್ಲ. ವಿಜ್ಞಾನಿಗಳ ಕಾಳಜಿ ಪ್ರಾಮಾಣಿಕವಾಗಿತ್ತು, ದ್ವೀಪದ ಮಹತ್ವವೂ ನಿಜ. ಉದ್ದೇಶಕ್ಕಿಂತ ಪರಿಣಾಮವನ್ನು ನೋಡಬೇಕಾದ ಸಂದರ್ಭ ಇದು.

ಪರಿಣಾಮವೇನು? ಕಾನೂನಿನ ಪ್ರಕಾರ ನವಾಸ್ಸಾ ಸಾರ್ವಜನಿಕರಿಗೆ ಮುಚ್ಚಿದೆ. ಇಳಿಯಬೇಕಾದರೆ ಮೀನು ಮತ್ತು ವನ್ಯಜೀವಿ ಸೇವೆಯ ಅನುಮತಿ ಬೇಕು. ಧಾಮವನ್ನು ನೋಡಿಕೊಳ್ಳುವ ಕಚೇರಿ ಇರುವುದು ಪೋರ್ಟೊ ರಿಕೊದಲ್ಲಿ, ದ್ವೀಪದಿಂದ ಪೂರ್ವಕ್ಕೆ ಎಂಟುನೂರು ಕಿಲೋಮೀಟರಿನಷ್ಟು ದೂರದಲ್ಲಿ. ದ್ವೀಪದಲ್ಲಿ ಕಾವಲು ಸಿಬ್ಬಂದಿಯಿಲ್ಲ, ದೋಣಿಯಿಲ್ಲ, ಎಚ್ಚರಿಕೆ ಫಲಕಗಳ ಆಚೆಗೆ ಸರ್ಕಾರದ ಇರುವಿಕೆಯೇ ಇಲ್ಲ. ಆದರೆ ಹೈತಿಯ ಮೀನುಗಾರರು ಚಿಕ್ಕ ದೋಣಿಗಳಲ್ಲಿ ಬರುತ್ತಾರೆ, ಬಂಡೆಯ ಮೇಲೆ ತಾತ್ಕಾಲಿಕವಾಗಿ ಬಿಡಾರ ಹೂಡುತ್ತಾರೆ. ಇದು ಗುಟ್ಟಲ್ಲ, ಅಮೆರಿಕದ ಸರ್ಕಾರಿ ಪ್ರಕಟಣೆಗಳೇ ಇದನ್ನು ಹೇಳುತ್ತವೆ. ಹೊಟ್ಟೆಪಾಡಿನ ಈ ಮೀನುಗಾರಿಕೆಯನ್ನು ಅಮೆರಿಕ ತಡೆಯಲೂ ಹೋಗಿಲ್ಲ, ಅದಕ್ಕೊಂದು ಕ್ರಮ ರೂಪಿಸಲೂ ಹೋಗಿಲ್ಲ. ಇಲ್ಲಿಯವರೆಗೆ ದ್ವೀಪದ ಕಾಡನ್ನು ಮತ್ತು ಹಕ್ಕಿಗಳನ್ನು ಉಳಿಸಿರುವುದು ಕಾನೂನಿಗಿಂತ ಹೆಚ್ಚಾಗಿ ಆ ಕಡಿದಾದ ಗೋಡೆಗಳು ಮತ್ತು ಕುಡಿಯುವ ನೀರಿನ ಅಭಾವ. ಜಮೈಕಾದಲ್ಲಿ ಸಿಕ್ಕಿಬಿದ್ದಿದ್ದ ಕೊಲಂಬಸ್ ಸಹಾಯ ತರಲೆಂದು ಚಿಕ್ಕ ದೋಣಿಗಳಲ್ಲಿ ಕಳಿಸಿದ ಜನ ಇಲ್ಲಿಗೆ ತಲುಪಿದಾಗ, ಬಂಡೆಯ ಕುಳಿಗಳಲ್ಲಿ ನಿಂತ ಮಳೆನೀರಿನ ಹೊರತು ಬೇರೆ ನೀರು ಅವರಿಗೆ ಸಿಗಲಿಲ್ಲ. ಐನೂರು ವರ್ಷಗಳ ನಂತರವೂ ಆ ಸ್ಥಿತಿ ಬದಲಾಗಿಲ್ಲ.

ಗೋಡೆಗಳು ನೆಲವನ್ನು ಕಾಯಬಹುದು, ನೀರನ್ನು ಕಾಯಲಾರವು. ಅಮೆರಿಕದ ಸಾಗರ ವಿಜ್ಞಾನಿಗಳು 2002ರಿಂದ ಹಲವು ಬಾರಿ ನಡೆಸಿದ ಸಮೀಕ್ಷೆಗಳ ಕಾಲದಲ್ಲೇ ಬದಲಾವಣೆ ಕಾಣಿಸಿತು. ಗಾಳ ಮತ್ತು ಹೆಣೆದ ಬೋನುಗಳ ಜೊತೆಗೆ ಬಲೆಗಳ ಬಳಕೆ ಸೇರಿಕೊಂಡಿತು. ಬಲೆ ಬಂದ ಮೇಲೆ ರಾಣಿಶಂಖ ಮತ್ತು ಹಾಕ್ಸ್‌ಬಿಲ್ ಕಡಲಾಮೆಗಳೂ ಸಿಕ್ಕಿಬೀಳತೊಡಗಿದವು. ದೊಡ್ಡ ಗಾತ್ರದ ಮೀನುಗಳು ಅಪರೂಪವಾದವು. ಇದನ್ನು ಮೀನುಗಾರರ ದುರಾಸೆಯೆಂದು ಬಗೆಯುವುದು ಸುಲಭವಾದರೂ ಸರಿಯಲ್ಲ. ಹೈತಿಯ ಕರಾವಳಿಯ ಹತ್ತಿರದ ನೀರಿನಲ್ಲಿ ಮೀನು ಉಳಿದಿಲ್ಲದ ಕಾರಣದಿಂದಲೇ 55 ಕಿಲೋಮೀಟರ್ ತೆರೆದ ಸಮುದ್ರವನ್ನು ಚಿಕ್ಕ ದೋಣಿಯಲ್ಲಿ ದಾಟುವ ಅಪಾಯಕ್ಕೆ ಅವರು ಒಡ್ಡಿಕೊಳ್ಳುತ್ತಾರೆ. ಅವರ ಊರುಗಳಿರುವ ಇದೇ ಪರ್ಯಾಯದ್ವೀಪವನ್ನು 2016ರ ಅಕ್ಟೋಬರ್‌ನಲ್ಲಿ ಮ್ಯಾಥ್ಯೂ ಚಂಡಮಾರುತ ಅಪ್ಪಳಿಸಿತು, 2021ರ ಆಗಸ್ಟ್‌ನಲ್ಲಿ 7.2 ತೀವ್ರತೆಯ ಭೂಕಂಪ ನಡುಗಿಸಿತು. ಅದೇ ವರ್ಷದ ಜುಲೈನಲ್ಲಿ ಅಧ್ಯಕ್ಷರ ಹತ್ಯೆಯಾದ ನಂತರ ದೇಶದ ಆಡಳಿತ ಕುಸಿದಿದೆ. ಇಂತಹವರ ಮುಂದೆ ವನ್ಯಧಾಮದ ಫಲಕ ಹಿಡಿದರೆ ಏನು ಪ್ರಯೋಜನ?

ಸಣ್ಣ ಬಂಡೆದ್ವೀಪಗಳನ್ನು ಉಳಿಸುವ ವಿದ್ಯೆ ಇಲ್ಲವೆಂದಲ್ಲ. ನವಾಸ್ಸಾದೊಂದಿಗೆ ಒಂದೇ ಆಡಳಿತ ಗುಂಪಿಗೆ ಸೇರಿದ, ಪೋರ್ಟೊ ರಿಕೊದ ಪಶ್ಚಿಮಕ್ಕಿರುವ ದೆಸೆಚಿಯೊ ದ್ವೀಪವನ್ನೇ ನೋಡಬಹುದು. ಅಲ್ಲಿ ಇಲಿಗಳು, ಮೇಕೆಗಳು ಮತ್ತು 1966ರಲ್ಲಿ ಸಂಶೋಧನೆಗೆಂದು ಬಿಟ್ಟಿದ್ದ ರೀಸಸ್ ಮಂಗಗಳು ಸೇರಿ ಕಡಲಹಕ್ಕಿಗಳ ನೆಲೆಯನ್ನು ಹಾಳುಮಾಡಿದ್ದವು. ಇಲಿ ನಿರ್ಮೂಲನದ ಮೊದಲ ಯತ್ನ 2012ರಲ್ಲಿ ವಿಫಲವಾಯಿತು. 2016ರಲ್ಲಿ ಮತ್ತೆ ಹೆಲಿಕಾಪ್ಟರಿನಿಂದ ವಿಷದ ಗುಳಿಗೆಗಳನ್ನು ಎರಚಿ, ಮರುವರ್ಷ ದ್ವೀಪ ಇಲಿಮುಕ್ತವೆಂದು ಘೋಷಿಸಲಾಯಿತು. ಇನ್ನೊಂದು ಉದಾಹರಣೆ ಆಂಟಿಗುವಾ ಮತ್ತು ಬಾರ್ಬುಡಾ ದೇಶದ ರೆಡೊಂಡಾ. ನವಾಸ್ಸಾದಂತೆಯೇ ಹಿಂದೆ ಗುವಾನೊ ಗಣಿಯಾಗಿದ್ದ, ಜನರಿಲ್ಲದ, ಕಡಿದಾದ ಬಂಡೆ ಅದು. 2016–17ರಲ್ಲಿ ಅಲ್ಲಿನ ಮೇಕೆಗಳನ್ನು ಜೀವಂತವಾಗಿ ಹಿಡಿದು ಸಾಗಿಸಿ, ಇಲಿಗಳನ್ನು ನಿರ್ಮೂಲಗೊಳಿಸಿದ ಮೇಲೆ ಬೋಳಾಗಿದ್ದ ಬಂಡೆಯ ಮೇಲೆ ಬೇಗನೆ ಹಸಿರು ಮರಳಿತು, ಹಲ್ಲಿಗಳ ಸಂಖ್ಯೆ ಏರಿತು. 2023ರಲ್ಲಿ ಸುತ್ತಲಿನ ಸಮುದ್ರವನ್ನೂ ಸೇರಿಸಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಈ ಎರಡೂ ಕಡೆ ಒಡೆತನದ ಬಗ್ಗೆ ಇಂದು ತಕರಾರಿಲ್ಲ, ಕೆಲಸ ಮಾಡುವವರು ಹತ್ತಿರದಲ್ಲೇ ಇದ್ದಾರೆ. ನವಾಸ್ಸಾಕ್ಕೆ ಇಲ್ಲದಿರುವುದು ಇವೇ ಎರಡು.

ತಕರಾರು ಕೆಲಸವನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹೈತಿಯ ಮೀನುಗಾರನಿಗೆ ಅಮೆರಿಕ ಪರವಾನಗಿ ಕೊಡಬೇಕೆಂದರೆ ಅವನು ಅರ್ಜಿ ಹಾಕಬೇಕು. ತನ್ನ ಪ್ರಜೆಗಳು ತನ್ನದೇ ಎನ್ನುವ ದ್ವೀಪಕ್ಕೆ ಪರದೇಶದ ಅನುಮತಿ ಕೇಳುವುದನ್ನು ಹೈತಿ ಸರ್ಕಾರ ಅಧಿಕೃತವಾಗಿ ಒಪ್ಪಿದರೆ ತನ್ನ ಹಕ್ಕನ್ನು ತಾನೇ ಬಿಟ್ಟುಕೊಟ್ಟಂತೆ. ಇತ್ತ ಅಮೆರಿಕ ಹೈತಿಯ ಮೀನುಗಾರಿಕೆ ಇಲಾಖೆಯೊಂದಿಗೆ ಜಂಟಿ ನಿಯಮ ರೂಪಿಸಿದರೆ ಹೈತಿಗೂ ಇಲ್ಲಿ ಮಾತನಾಡುವ ಅಧಿಕಾರವಿದೆಯೆಂದು ಒಪ್ಪಿಕೊಂಡಂತೆ. ಹೀಗಾಗಿ ಇಬ್ಬರಿಗೂ ಸುಮ್ಮನಿರುವುದೇ ಸುರಕ್ಷಿತ. ಆ ಮೌನದ ಬೆಲೆ ತೆರುತ್ತಿರುವುದು ಹವಳದ ದಿಬ್ಬ ಮತ್ತು ಅದನ್ನೇ ನಂಬಿದ ಮೀನುಗಾರರು.

ಈ ಹಟದಿಂದ ಎರಡೂ ಕಡೆಗೆ ಸಿಗುವುದು ಎಷ್ಟು ಎಂದು ಕೇಳಿದರೆ ಉತ್ತರ ಸಣ್ಣದು. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 121ನೇ ವಿಧಿಯ ಪ್ರಕಾರ, ಮಾನವ ವಸತಿಗಾಗಲಿ ಸ್ವಂತ ಆರ್ಥಿಕ ಜೀವನಕ್ಕಾಗಲಿ ಆಸರೆಯಾಗದ ಬಂಡೆಗಳಿಗೆ 12 ನಾಟಿಕಲ್ ಮೈಲಿಗಳ ಪ್ರಾದೇಶಿಕ ಸಮುದ್ರ ಸಿಗುತ್ತದೆ, 200 ನಾಟಿಕಲ್ ಮೈಲಿಗಳ ವಿಶೇಷ ಆರ್ಥಿಕ ವಲಯ ಸಿಗುವುದಿಲ್ಲ. ದಕ್ಷಿಣ ಚೀನಾ ಸಮುದ್ರದ ಬಗ್ಗೆ 2016ರಲ್ಲಿ ಬಂದ ಮಧ್ಯಸ್ಥಿಕೆ ತೀರ್ಪು ಈ ನಿಯಮವನ್ನು ಎಷ್ಟು ಬಿಗಿಯಾಗಿ ಓದಿತೆಂದರೆ, ಸಿಹಿನೀರಿನ ಬಾವಿಗಳಿರುವ ಇಟು ಅಬಾ ದ್ವೀಪವನ್ನೂ ಬಂಡೆಯೆಂದೇ ಎಣಿಸಿತು. ಅಮೆರಿಕ ಆ ಒಪ್ಪಂದಕ್ಕೆ ಸೇರಿಲ್ಲವೆಂಬುದು ಬೇರೆ ಮಾತು. ಆದರೆ ಅದೇ ಅಳತೆಗೋಲಿನಲ್ಲಿ ಅಳೆದರೆ ಒಂದು ಹಳ್ಳವೂ ಇಲ್ಲದ ನವಾಸ್ಸಾ ಅದಕ್ಕಿಂತ ದೊಡ್ಡ ಹಕ್ಕನ್ನು ಕೊಡುವುದು ಅನುಮಾನ. ಉಳಿಯುವುದು ಗೌರವದ ಪ್ರಶ್ನೆ. ಗುಲಾಮರ ಕ್ರಾಂತಿಯಿಂದ ಹುಟ್ಟಿದ, 1915ರಿಂದ 1934ರವರೆಗೆ ಅಮೆರಿಕದ ಸೇನೆಯ ಆಕ್ರಮಣವನ್ನು ಅನುಭವಿಸಿದ ಹೈತಿಗೆ ಅದು ಸಣ್ಣ ಪ್ರಶ್ನೆಯಲ್ಲ. ಅದನ್ನು ಕಡೆಗಣಿಸಿ ಸಂರಕ್ಷಣೆಯ ಮಾತಾಡುವವರು ಅರ್ಧ ಚಿತ್ರವನ್ನಷ್ಟೇ ನೋಡುತ್ತಿದ್ದಾರೆ.

ಒಡೆತನದ ಪ್ರಶ್ನೆಯನ್ನು ಇತ್ಯರ್ಥ ಮಾಡದೆಯೂ ಕೆಲಸ ಶುರು ಮಾಡುವ ವಿಧಾನಗಳು ಅಂತರರಾಷ್ಟ್ರೀಯ ವ್ಯವಹಾರದಲ್ಲಿವೆ. 1959ರ ಅಂಟಾರ್ಕ್ಟಿಕ ಒಪ್ಪಂದದ ನಾಲ್ಕನೇ ವಿಧಿ ಎಲ್ಲ ದೇಶಗಳ ಹಕ್ಕುಗಳನ್ನು ಇದ್ದಲ್ಲಿಯೇ ಸ್ಥಗಿತಗೊಳಿಸಿತು: ಒಪ್ಪಂದದ ಅಡಿಯಲ್ಲಿ ನಡೆಯುವ ಯಾವ ಚಟುವಟಿಕೆಯೂ ಯಾರ ಹಕ್ಕನ್ನೂ ಗಟ್ಟಿಗೊಳಿಸುವುದಿಲ್ಲ, ದುರ್ಬಲಗೊಳಿಸುವುದೂ ಇಲ್ಲ. ಹಿಂದೂ ಮಹಾಸಾಗರದ ಪುಟ್ಟ ದ್ವೀಪ ಟ್ರೊಮೆಲಿನ್ ವಿಷಯದಲ್ಲಿ ಫ್ರಾನ್ಸ್ ಮತ್ತು ಮಾರಿಷಸ್ 2010ರಲ್ಲಿ ಇದೇ ದಾರಿ ಹಿಡಿದು ಮೀನುಗಾರಿಕೆ, ಪರಿಸರ ಮತ್ತು ಸಂಶೋಧನೆಯ ಜಂಟಿ ನಿರ್ವಹಣೆಗೆ ಸಹಿ ಹಾಕಿದವು. ಫ್ರಾನ್ಸಿನ ಸಂಸದರ ವಿರೋಧದಿಂದ ಅದಕ್ಕೆ ಅಲ್ಲಿನ ಸಂಸತ್ತಿನ ಅನುಮೋದನೆ ಸಿಗದೆ ಉಳಿಯಿತೆಂಬುದು, ಇಂತಹ ಸರಳ ಏರ್ಪಾಡು ಕೂಡ ರಾಜಕೀಯವಾಗಿ ಎಷ್ಟು ಕಷ್ಟವೆಂಬುದನ್ನು ತೋರಿಸುತ್ತದೆ. ಬೇಕಾದವರನ್ನು ಕೇಳದೆ ಸಂರಕ್ಷಿತ ಪ್ರದೇಶ ಘೋಷಿಸಿದರೆ ಏನಾಗುತ್ತದೆಂಬುದಕ್ಕೆ ಮಾರಿಷಸ್ ತನ್ನದೆನ್ನುವ, ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಸಮೂಹ ಸಾಕ್ಷಿ: ಬ್ರಿಟನ್ 2010ರಲ್ಲಿ ಅಲ್ಲಿ ಘೋಷಿಸಿದ ಬೃಹತ್ ಸಾಗರಧಾಮವು ಮಾರಿಷಸ್‌ನ ಹಕ್ಕುಗಳನ್ನು ಉಲ್ಲಂಘಿಸಿದೆಯೆಂದು ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು 2015ರಲ್ಲಿ ತೀರ್ಪು ಕೊಟ್ಟಿತು.

ನವಾಸ್ಸಾದಲ್ಲಿ ಮೊದಲು ಕೈಗೆತ್ತಿಕೊಳ್ಳಬಹುದಾದ ಕೆಲಸಗಳು ದೊಡ್ಡವೇನೂ ಅಲ್ಲ. ಎರಡೂ ದೇಶಗಳ ವಿಜ್ಞಾನಿಗಳು ಸೇರಿ ಹವಳದ ದಿಬ್ಬದ ನಿಯತ ಸಮೀಕ್ಷೆ ನಡೆಸಬಹುದು. 2006ರಲ್ಲಿ ಇಲ್ಲಿ ಹವಳ ಬಿಳಿಚಿಕೊಂಡದ್ದು ದಾಖಲಾಗಿದೆ, 2023ರಲ್ಲಿ ಕೆರಿಬಿಯನ್ ಸಮುದ್ರವೆಲ್ಲ ಹಿಂದೆಂದಿಗಿಂತ ಬಿಸಿಯಾಯಿತು. ಕಾಯ್ದ ನೀರಿನಿಂದ ಬಳಲಿದ ಹವಳದ ಮೇಲೆ ಪಾಚಿ ಬೆಳೆಯದಂತೆ ಮೇಯುವುದು ಗಿಣಿಮೀನಿನಂತಹ ಮೀನುಗಳೇ ಆದ್ದರಿಂದ, ಬಲೆಯ ಬಳಕೆಯನ್ನು ನಿಯಂತ್ರಿಸುವುದಕ್ಕೂ ದಿಬ್ಬ ಚೇತರಿಸಿಕೊಳ್ಳುವುದಕ್ಕೂ ನೇರ ಸಂಬಂಧವಿದೆ. ಯಾವ ಬಲೆ, ಯಾವ ತಿಂಗಳು, ದಿಬ್ಬದ ಯಾವ ಭಾಗ ಎಂಬುದನ್ನು ಪೋರ್ಟೊ ರಿಕೊದಲ್ಲಿ ಕುಳಿತು ಬರೆಯುವುದಕ್ಕಿಂತ ತಿಬುರಾನಿನ ಮೀನುಗಾರ ಸಂಘಗಳೊಂದಿಗೆ ಕುಳಿತು ತೀರ್ಮಾನಿಸಿದರೆ ಪಾಲನೆಯಾಗುವ ಸಂಭವ ಹೆಚ್ಚು. ಇಲಿ ನಿರ್ಮೂಲನದ ಯೋಜನೆ ಮುಂದೆ ಎಂದಾದರೂ ಬಂದರೂ ಇದೇ ಮಾತು ಅನ್ವಯಿಸುತ್ತದೆ. ಹೆಲಿಕಾಪ್ಟರನ್ನು ಅಮೆರಿಕ ತರಬಲ್ಲದು, ಹಣವನ್ನೂ ಒದಗಿಸಬಲ್ಲದು. ಆದರೆ ಆ ಬಳಿಕ ಹೈತಿಯಿಂದ ಬರುವ ಒಂದೇ ಒಂದು ದೋಣಿಯ ತಳದಲ್ಲಿ ಬಸುರಿ ಇಲಿಯೊಂದು ಕುಳಿತು ಬಂದರೆ ಖರ್ಚೆಲ್ಲ ವ್ಯರ್ಥ. ಹೊರಡುವ ಮುನ್ನ ಆ ದೋಣಿಯನ್ನು ಪರೀಕ್ಷಿಸಬಲ್ಲವರು ಅದರ ಮಾಲೀಕರು ಮಾತ್ರ.